ಮೇಲೆ ತೇಲುವ ಕಿಟ್ಟ

ಸೆಪ್ಟೆಂಬರ್ 15, ಸರ್ ಎಂ. ವಿಶ್ವೇಶ್ವರಯ್ಯನವರ ಹುಟ್ಟುಹಬ್ಬ ಬಂತೆಂದರೆ ಅವರ ಭಾವಚಿತ್ರಕ್ಕೆ ಹಾರ ಬೀಳುತ್ತದೆ, ಹಿಂದೆಯೇ ಭಾಷಣ. ಬೀದಿದೀಪದ ಓದು, ಸರ್ಕಾರಿ ಕೆಲಸಕ್ಕೊಂದು ಸ್ವಂತಕ್ಕೊಂದು ಎಂದು ಎರಡು ಮೇಣದಬತ್ತಿ, ಗಡಿಯಾರ ನಾಚುವಂಥ ಸಮಯಪಾಲನೆ. ಭದ್ರಾವತಿಯಲ್ಲಾದರೆ ಕೊನೆಗೊಂದು ಸಾಲು ಹೆಚ್ಚು: ‘ನಮ್ಮೂರಿಗೆ ಕಬ್ಬಿಣದ ಕಾರ್ಖಾನೆ ಕೊಟ್ಟ ಪುಣ್ಯಾತ್ಮ.’ ಚಪ್ಪಾಳೆ.

ಆ ಸಾಲು ಸುಳ್ಳಲ್ಲ. ಆದರೆ ಕೇಳುವುದು ಶುರುವಾಗಬೇಕಾದ ಕಡೆಯೇ ಅದು ಮುಗಿದುಹೋಗುತ್ತದೆ. ಬೆಂಕಿಪುರವೆನ್ನುತ್ತಿದ್ದ ಈ ಊರಿನಲ್ಲೇ ಕುಲುಮೆ ಏಕೆ? ಮೈಸೂರು ಸಂಸ್ಥಾನದಲ್ಲಿ ಕಲ್ಲಿದ್ದಲು ಇರಲಿಲ್ಲ, ಕಾಡಿತ್ತು. ಮಲೆನಾಡಿನ ಮರ ಇದ್ದಿಲಾಯಿತು, ಕೆಮ್ಮಣ್ಣುಗುಂಡಿಯ ಅದಿರು ಇಳಿದು ಬಂತು, 1923ರಲ್ಲಿ ಕಬ್ಬಿಣ ಹರಿಯಿತು. ಅಷ್ಟರಲ್ಲಿ ವಿಶ್ವೇಶ್ವರಯ್ಯ ದಿವಾನಗಿರಿ ಬಿಟ್ಟು ವರ್ಷಗಳಾಗಿದ್ದವು. ಮಹಾಯುದ್ಧದ ಕಾಲದ ಬೆಲೆ ಬಿದ್ದುಹೋಗಿತ್ತು, ಕಾರ್ಖಾನೆ ನಷ್ಟಕ್ಕೆ ಜಾರಿತ್ತು. ಸರ್ಕಾರ ಅವರನ್ನೇ ಮತ್ತೆ ಕರೆದು ಆಡಳಿತ ಮಂಡಳಿಯ ಹೊಣೆ ಒಪ್ಪಿಸಿತು. ಕಟ್ಟಿದ್ದಕ್ಕಿಂತ ಮುಳುಗುತ್ತಿದ್ದುದನ್ನು ಎತ್ತಿ ನಿಲ್ಲಿಸಿದ್ದು ದೊಡ್ಡ ಕೆಲಸ. ಭಾಷಣಕಾರರು ಅದನ್ನೇ ಬಿಡುತ್ತಾರೆ. ನಷ್ಟದ ಮಾತೆತ್ತಿದರೆ ಹಾರ ಬಾಡೀತೆಂಬ ಅಂಜಿಕೆ. ಇದ್ದಿಲಿಗೆಂದು ಉರುಳಿದ ಕಾಡಿನ ಸುದ್ದಿಯಂತೂ ಇಲ್ಲವೇ ಇಲ್ಲ.

ಹೀಗೆ ಹೊಗಳುವವರ ಎದುರು ತೆಗಳುವವರೂ ಇದ್ದಾರೆ. 2023ರ ಜನವರಿಯಲ್ಲಿ ಭದ್ರಾವತಿಯ ಇದೇ ಕಾರ್ಖಾನೆಯಾದ ವಿಐಎಸ್‌ಎಲ್ ಮುಚ್ಚುವ ತೀರ್ಮಾನ ಹೊರಬಿದ್ದಾಗ ಕೇಳಿಬಂದದ್ದು ಒಂದೇ ಮಾತು: ‘ಸರ್ಕಾರಿ ಕಾರ್ಖಾನೆ ಅಲ್ವಾ, ಇನ್ನೇನಾಗುತ್ತೆ?’ ಸ್ವಂತ ಗಣಿಯಿಲ್ಲದೆ ಅದಿರಿಗೆ ಪರದಾಡುವುದು, ಹಳೆಯ ಯಂತ್ರಕ್ಕೆ ಬಂಡವಾಳ ಬಾರದಿರುವುದು ಇವೆಲ್ಲ ಲೆಕ್ಕಕ್ಕೇ ಬರಲಿಲ್ಲ. ಕಟ್ಟಿದ್ದು ಒಬ್ಬರೇ, ಕೆಡಿಸಿದ್ದು ಒಂದೇ ಕಾರಣ. ಭಕ್ತಿಗೂ ಬೈಗುಳಕ್ಕೂ ಇರುವ ಆಳ ಒಂದೇ ಗೇಣು.

ಕುಲುಮೆಯ ಮುಂದೆ ನಿಂತವರಿಗೆ ಇದು ಗೊತ್ತು. ಕರಗಿದ ಕಬ್ಬಿಣದ ಮೇಲೆ ಕಿಟ್ಟ, ಅಂದರೆ ಅದಿರಿನ ಕಸ, ತೇಲುತ್ತದೆ. ಅದೂ ಕೆಂಪಗೆ ಹೊಳೆಯುತ್ತದೆ, ಕಣ್ಣಿಗೆ ಮೊದಲು ಬೀಳುವುದೂ ಅದೇ. ಕಬ್ಬಿಣ ಬೇಕೆಂದರೆ ಅಡಿಯ ಕಂಡಿ ತೆರೆಯಬೇಕು. ಹಾಗೆಂದು ಕಿಟ್ಟ ದಂಡವಲ್ಲ, ಸಿಮೆಂಟಿಗಾದರೂ ಆಗುತ್ತದೆ. ಭಾಷಣದ ಕತೆಗಳೂ ಹಾಗೆಯೇ. ಗಡಿಯಾರದ ಕತೆಯಿಂದ ನಾಲ್ಕು ಮಕ್ಕಳು ಹೊತ್ತಿಗೆ ಸರಿಯಾಗಿ ಶಾಲೆಗೆ ಹೋದರೆ ಒಳ್ಳೆಯದೇ. ಅದನ್ನೇ ಕಬ್ಬಿಣವೆಂದು ತೂಗಿ ಕೊಡಬಾರದು, ಅಷ್ಟೆ.

ಮುಂದಿನ ಸೆಪ್ಟೆಂಬರಿನಲ್ಲಿ ನಿವೃತ್ತ ಕಾರ್ಮಿಕರೊಬ್ಬರನ್ನು ವೇದಿಕೆಗೆ ಕರೆದು, ಕುಲುಮೆ ಹೇಗೆ ಉರಿಯುತ್ತಿತ್ತು, ಯಾಕೆ ಆರಿತು ಎಂದು ಕೇಳೋಣ. ಮೇಣದಬತ್ತಿ ಆಮೇಲೆ ಹಚ್ಚಿದರಾಯಿತು.