ಹಳೇ ಪಂಚೆಯ ಲಂಗೋಟಿ

ವರ್ಷಗಟ್ಟಲೆ ಒಗೆದು ಒಗೆದು ಮೆತ್ತಗಾದ ಹತ್ತಿ ಪಂಚೆಗೆ ಸಾಟಿಯಾದ ಬಟ್ಟೆ ಎಳೆಗೂಸಿನ ಮೈಗೆ ಇನ್ನೊಂದಿಲ್ಲ. ಹೊಸ ಬಟ್ಟೆಯ ಗಂಜಿ ನೀರನ್ನು ಬೇಗ ಹೀರಗೊಡದು. ಹಳೆಯದರಲ್ಲಿ ಅದೆಲ್ಲ ಎಂದೋ ಹೋಗಿರುತ್ತದೆ. ಬಾಣಂತನಕ್ಕೆ ಮೊದಲೇ ಪಂಚೆ, ನೂಲಿನ ಸೀರೆ ಹರಿದು ಲಂಗೋಟಿ ಹೊಲಿದಿಡುತ್ತಿದ್ದ ಅಜ್ಜಿಯರ ಜಾಣತನ ನೋಡಬೇಕು. ತ್ರಿಕೋನವಾಗಿ ಕತ್ತರಿಸಿದ ಎರಡು ಪದರ, ನಡುವೆ ಸವೆದ ಟವೆಲಿನ ಉದ್ದ ಪಟ್ಟಿ. ಅಂಚಿನ ಮಡಿಕೆ ಯಾವಾಗಲೂ ಹೊರಮುಖಕ್ಕೆ. ಒಳಗೆ ಬಂದರೆ ತೊಡೆಸಂದಿ ಉಜ್ಜಿ ಕೆಂಪಾಗುತ್ತದೆ. ಗುಂಡಿ, ಪಿನ್ನು ಏನೂ ಇಲ್ಲ, ಸೊಂಟಕ್ಕೆ ಅದೇ ಬಟ್ಟೆಯ ಲಾಡಿ. ಪಾಲಿಯೆಸ್ಟರ್ ಮಾತ್ರ ಬೇಡವೇ ಬೇಡ, ಅದು ತೇವ ಹೀರುವುದಿಲ್ಲ. ಒದ್ದೆಯಾದೊಡನೆ ಬದಲಿಸುವ, ಒಗೆಯುವ ಕೆಲಸ ಇದ್ದೇ ಇದೆ. ಬಿಸಿನೀರಲ್ಲಿ ಜಾಲಾಡಿ ಬಿಸಿಲಿಗೆ ಹರವಿದರೆ ಬೇಗ ಒಣಗುತ್ತದೆ, ಇನ್ನೊಂದು ಮಗುವಿಗೂ ಆಗುತ್ತದೆ.