ಸಣ್ಣ ಅಂಕಿಯನ್ನು ಯಾರೂ ಅನುಮಾನಿಸುವುದಿಲ್ಲ

ಜುಲೈ ರಜೆ ಬಂತೆಂದರೆ ಆಸ್ಟ್ರೇಲಿಯದ ಟೂಂಗಾಬಿ ಸುತ್ತಲಿನ ಕನ್ನಡದ ಮನೆಗಳವರು ಹಿಮ ನೋಡಲು ತ್ರೆಡ್‌ಬೋಗೆ ಹೊರಡುತ್ತಾರೆ. ಗಾಳಿ ಜೋರಾದರೆ ಅಲ್ಲಿ ಚೇರ್‌ಲಿಫ್ಟ್ ನಿಲ್ಲುತ್ತದೆ. ಹಾಗಾಗಿ ಬೆಟ್ಟದ ಮೇಲಿನ ಗಾಳಿಯ ವೇಗವನ್ನು ಫೋನಿನಲ್ಲಿ ನೋಡಿಯೇ ಕಾರು ಹತ್ತುವುದು. ಚಳಿಗಾಲದಲ್ಲಿ ಆ ಅಂಕಿಯನ್ನು ಕಣ್ಣುಮುಚ್ಚಿ ನಂಬುವಂತಿಲ್ಲ.

1846ರಲ್ಲಿ ಐರ್ಲೆಂಡಿನ ರಾಬಿನ್ಸನ್ ರೂಪಿಸಿದ ಬಟ್ಟಲಿನ ಗಾಳಿಮಾಪಕ ಸರಳ, ಗಟ್ಟಿ. ಬಟ್ಟಲುಗಳು ತಿರುಗಿದಷ್ಟು ವೇಗ, ಅಷ್ಟೇ. ಆದರೆ ಸೊನ್ನೆಗಿಂತ ಕೆಳಗೂ ನೀರಾಗಿಯೇ ಉಳಿದ ಮೋಡದ ಹನಿಗಳು ಲೋಹ ತಾಗಿದ ಕ್ಷಣ ಹೆಪ್ಪುಗಟ್ಟುತ್ತವೆ. ಗಾಳಿ ಬೀಸುವ ಕಡೆಗೇ ಮುಖಮಾಡಿ ಬಿಳಿ ಗಡ್ಡೆ ಬೆಳೆಯುತ್ತದೆ. ಬಟ್ಟಲಿನ ಆಕಾರ ಕೆಡುತ್ತದೆ, ಭಾರ ಏರುತ್ತದೆ, ಅಚ್ಚು ಬಿಗಿಯುತ್ತದೆ. ಪೂರ್ತಿ ಕಟ್ಟಿಕೊಂಡರೆ ಅಂಕಿ ಸೊನ್ನೆ. ಬಿರುಗಾಳಿಯಲ್ಲಿ ಸೊನ್ನೆ ಬಂದರೆ ಯಾರಿಗಾದರೂ ಗೊತ್ತಾಗುತ್ತದೆ. ನನಗೆ ಭಯವಿರುವುದು ಅರ್ಧ ಕಟ್ಟಿದ ಬಟ್ಟಲಿನದು. ಅದು ತಿರುಗುತ್ತಲೇ ಇರುತ್ತದೆ, ನಂಬುವಂಥ ಸುಳ್ಳು ಹೇಳುತ್ತದೆ.

ಅಮೆರಿಕದ ಮೌಂಟ್ ವಾಷಿಂಗ್ಟನ್ ವೀಕ್ಷಣಾಲಯದಲ್ಲಿ 1934ರ ಏಪ್ರಿಲ್ 12ರ ನಸುಕಿನಲ್ಲಿ ಆದದ್ದು ಇದೇ. ಮಾಪಕ ಗಂಟೆಗೆ 105 ಮೈಲಿ ತೋರಿಸುತ್ತಿತ್ತು, ಹೊರಗಿನ ಸದ್ದು ಮಾತ್ರ ಅದಕ್ಕಿಂತ ದೊಡ್ಡದಿತ್ತು. ವೀಕ್ಷಕ ಸ್ಟೀಫನ್‌ಸನ್ ಮರದ ದೊಣ್ಣೆ ಹಿಡಿದು ಆ ಗಾಳಿಯಲ್ಲೇ ಏಣಿ ಹತ್ತಿ ಮಂಜುಗಡ್ಡೆ ಒಡೆದು ಬಂದ. ಅಂಕಿ 136ಕ್ಕೆ ಜಿಗಿಯಿತು. ಅದು ಬಿಸಿಮಾಡುವ ವ್ಯವಸ್ಥೆಯಿದ್ದ ಮಾಪಕ ಎಂಬುದನ್ನು ಮರೆಯಬಾರದು! ಅಂದೇ ಮಧ್ಯಾಹ್ನ ಅಲ್ಲಿ 231 ಮೈಲಿಯ ದಾಖಲೆ ಬಿತ್ತು.

ಆ ದಾಖಲೆ ಮುರಿದದ್ದು ಆಸ್ಟ್ರೇಲಿಯದ್ದೇ ಬ್ಯಾರೋ ದ್ವೀಪ: 1996ರ ಒಲಿವಿಯಾ ಚಂಡಮಾರುತದಲ್ಲಿ ಗಂಟೆಗೆ 408 ಕಿ.ಮೀ. ಅದನ್ನು ವಿಶ್ವ ಹವಾಮಾನ ಸಂಸ್ಥೆ ಒಪ್ಪಿದ್ದು 2010ರಲ್ಲಿ. ದೊಡ್ಡ ಅಂಕಿಗೆ ಅಷ್ಟು ಪರೀಕ್ಷೆ ಬೇಕೇ ಬೇಕು. ಆದರೆ ಹಿಮದ ರಾತ್ರಿಯ ಸಣ್ಣ ಅಂಕಿಯನ್ನು ಯಾರು ಹಾಗೆ ಕೂತು ಪರೀಕ್ಷಿಸುತ್ತಾರೆ? ಅದು ನೇರ ಸರಾಸರಿಗೆ ಸೇರಿ ಬೆಟ್ಟವನ್ನು ಇದ್ದದ್ದಕ್ಕಿಂತ ಶಾಂತವಾಗಿ ತೋರಿಸುತ್ತದೆ.

ಶ್ರವಣಾತೀತ ಧ್ವನಿಯ ಮಾಪಕಗಳಲ್ಲಿ ತಿರುಗುವ ಭಾಗವೇ ಇಲ್ಲ. ತುದಿಗೆ ಮಂಜು ಕಟ್ಟಿದರೆ ಸಾಮಾನ್ಯವಾಗಿ ಅಂಕಿಯೇ ನಿಂತುಹೋಗುತ್ತದೆ. ಆ ಮೌನವನ್ನು ನಾನು ಹೆಚ್ಚು ಗೌರವಿಸುತ್ತೇನೆ. ಬಿಸಿಮಾಡುವುದು ಒಳ್ಳೆಯದೇ, ಆದರೆ ಹಿಮ ಮುಚ್ಚಿದ ಸೌರಫಲಕದಿಂದ ಅಷ್ಟು ವಿದ್ಯುತ್ ಎಲ್ಲಿಂದ ಬರಬೇಕು? ಖರ್ಚಿಲ್ಲದ ಪರೀಕ್ಷೆಯೊಂದಿದೆ: ಉಷ್ಣಾಂಶ ಸೊನ್ನೆಯ ಕೆಳಗೆ, ತೇವಾಂಶ ನೂರರ ಹತ್ತಿರ, ಗಾಳಿಯ ದಿಕ್ಕು ತೋರುವ ಸೂಚಿ ಗಂಟೆಗಟ್ಟಲೆ ಒಂದೇ ಕಡೆ ನಿಂತಿದ್ದರೆ, ಗಾಳಿಯ ಅಂಕಿಯ ಪಕ್ಕದಲ್ಲಿ ‘ಮಂಜು ಕಟ್ಟಿರಬಹುದು’ ಎಂದು ಬರೆಯಬೇಕು. ಮಕ್ಕಳನ್ನು ಕರೆದುಕೊಂಡು ಐದಾರು ಗಂಟೆ ಕಾರು ಓಡಿಸುವವರಿಗೆ ಆ ಒಂದು ಸಾಲು ಕಾಣಬೇಕು.