ಹದಿನೈದನೆಯ ದಿನಕ್ಕೆ ಮುಂಚೆ

ನೆವಿರಪಿನ್ ಮಾತ್ರೆಯನ್ನು ಮೊದಲ 14 ದಿನ ದಿನಕ್ಕೊಂದರಂತೆ ಕೊಟ್ಟು, ಆಮೇಲೆ ಎರಡಕ್ಕೆ ಏರಿಸುವ ಪದ್ಧತಿಯನ್ನು ಎಚ್‌ಐವಿ ಚಿಕಿತ್ಸೆಯ ಜಾಣತನವೆಂದೇ ಹೊಗಳುತ್ತ ಬರಲಾಗಿತ್ತು. ಹೊಗಳಿಕೆ ಅತಿಯಾಯಿತು. 2004ರ ಏಪ್ರಿಲ್‌ನಲ್ಲಿ ಭಾರತದಲ್ಲಿ ಎಚ್‌ಐವಿಗೆ ಉಚಿತ ಚಿಕಿತ್ಸೆ (ಎಆರ್‌ಟಿ) ಶುರುವಾದ ಮೇಲೆ ಈ ಅಗ್ಗದ ಮಾತ್ರೆ ಉಳಿಸಿದ ಜೀವಗಳನ್ನು ಅಲ್ಲಗಳೆಯುವಂತಿಲ್ಲ. ನನ್ನ ತಕರಾರು ಆ ಎರಡು ವಾರಗಳ ಬಗ್ಗೆ.

ಔಷಧಶಾಸ್ತ್ರದ ಲೆಕ್ಕ ಸರಿಯಿದೆ. ದಿನಕ್ಕೆ 200 ಮಿ.ಗ್ರಾಂ.ನಿಂದ ಆರಂಭಿಸಿದರೆ ಯಕೃತ್ತು ಔಷಧಿಯನ್ನು ಹೊರಹಾಕಲು ಒಗ್ಗಿಕೊಳ್ಳುತ್ತದೆ, ದದ್ದು ಏಳುವುದು ಕಡಿಮೆಯಾಗುತ್ತದೆ. ದದ್ದಿದ್ದರೆ ಡೋಸು ಏರಿಸಬಾರದು. ಜ್ವರ, ನೀರುಗುಳ್ಳೆ, ಬಾಯಿಹುಣ್ಣು, ಕಣ್ಣುರಿ ಸೇರಿದರೆ ತಕ್ಷಣ ನಿಲ್ಲಿಸಿ ಆಸ್ಪತ್ರೆಗೆ ಹೋಗಬೇಕು. ದದ್ದು ವಿಕೋಪಕ್ಕೆ ಹೋಗಿ ಸ್ಟೀವನ್ಸ್-ಜಾನ್ಸನ್ ಸಿಂಡ್ರೋಮ್ ಆದರೆ ಚರ್ಮವೇ ಸುಲಿದುಹೋಗುತ್ತದೆ. ಎದ್ದದ್ದು ಸಾದಾ ದದ್ದೋ ಅಪಾಯದ್ದೋ ಎಂದು ತೀರ್ಮಾನಿಸಬೇಕಾದವರು ಯಾರು? ಆಂಧ್ರದ ಚಿಲಮತ್ತೂರಿನಂಥ ಊರಲ್ಲಿ, ಅತ್ತೆಗೂ ತಿಳಿಯದಂತೆ ಮಾತ್ರೆ ನುಂಗುವ ಹೆಂಗಸು. ದದ್ದಿನ ಅಪಾಯ ಹೆಂಗಸರಿಗೇ ಹೆಚ್ಚು. ಪಠ್ಯಪುಸ್ತಕದ ಕೆಂಪು ಕಲೆ ಕಪ್ಪು ಮೈಯಲ್ಲಿ ಕೆಂಪಾಗಿ ಕಾಣುವುದಿಲ್ಲ. ಕಂದಿ, ಕೈಯಾಡಿಸಿದರೆ ತರಿತರಿಯಾಗಿ ಸಿಗುತ್ತದೆ. ಬೇಸಿಗೆಯಲ್ಲಿ ಅದನ್ನು ಬೆವರುಸಾಲೆ ಎಂದುಕೊಂಡರೆ ಅವಳ ತಪ್ಪೇನು? ಜೊತೆಗೇ ಸೋಂಕು ತಡೆಯುವ ಕೋಟ್ರೈಮಾಕ್ಸಜೋಲ್ ಮಾತ್ರೆ ಶುರುಮಾಡಿದ್ದರೆ ಯಾವುದರಿಂದ ಎದ್ದಿತೆಂದು ವೈದ್ಯರಿಗೂ ಹೇಳುವುದು ಕಷ್ಟ.

ಹೆದರಿ ಎಲ್ಲವನ್ನೂ ಬಿಟ್ಟರೆ ಇನ್ನೊಂದು ಕಷ್ಟ. ಜೊತೆಗೆ ಕೊಡುವ ಉಳಿದ ಎಚ್‌ಐವಿ ಔಷಧಿಗಳು ಮೈಯಿಂದ ಹೋದರೂ ನೆವಿರಪಿನ್ ದಿನಗಟ್ಟಲೆ ರಕ್ತದಲ್ಲಿ ಒಂಟಿಯಾಗಿ ಉಳಿದು, ವೈರಾಣು ಅದಕ್ಕೆ ಬಗ್ಗದಂತಾಗುತ್ತದೆ. ಏಳು ದಿನಕ್ಕಿಂತ ಹೆಚ್ಚು ತಪ್ಪಿದರೆ ಮತ್ತೆ ಅರ್ಧ ಡೋಸಿನಿಂದಲೇ ಶುರು. ದದ್ದಿಗೆಂದು ಹಳ್ಳಿಯ ಆರ್‌ಎಂಪಿ ಡಾಕ್ಟರು ಚುಚ್ಚುವ ಸ್ಟೆರಾಯ್ಡ್ ಸೂಜಿಯನ್ನೂ ನಂಬುವಂತಿಲ್ಲ: ಪ್ರೆಡ್ನಿಸೋನ್ ಎಂಬ ಸ್ಟೆರಾಯ್ಡ್ ಕೊಟ್ಟು ದದ್ದು ತಡೆಯಹೋದಾಗ ಅದು ಹೆಚ್ಚಿದ್ದೇ ಕಂಡಿದೆ.

15ನೆಯ ದಿನ ಎಆರ್‌ಟಿ ಕೇಂದ್ರದಲ್ಲಿ ನೋಡುತ್ತಿದ್ದರಲ್ಲ ಎನ್ನುವವರಿದ್ದಾರೆ. ದದ್ದು ಆ ತಾರೀಖಿಗೆ ಕಾಯುವುದಿಲ್ಲ. ಮೊದಲ ಆರು ವಾರವೂ ಅಪಾಯದ್ದೇ. ಬತ್ತಲಪಲ್ಲಿಯಲ್ಲಿ ರೂರಲ್ ಡೆವಲಪ್‌ಮೆಂಟ್ ಟ್ರಸ್ಟ್‌ನ (ಆರ್‌ಡಿಟಿ) ಆಸ್ಪತ್ರೆ ಇದೆಯಲ್ಲ ಎಂಬ ಮಾತೂ ಬರುತ್ತದೆ. ಅನಂತಪುರ ಸೀಮೆಯ ಬಡವರಿಗೆ ಅದು ಮಾಡಿದ ಉಪಕಾರ ದೊಡ್ಡದು. ಆದರೆ ಜ್ವರದ ಮೈಯಲ್ಲಿ ಅಲ್ಲಿಗೆ ಬಸ್ಸು ಹತ್ತಬೇಕಾದವಳು ಮನೆಯಲ್ಲಿ ಹೇಳುವ ನೆಪವನ್ನೂ ಹುಡುಕಬೇಕು. ಇನ್ನು, ಮಾತ್ರೆ ಬಿಟ್ಟವರನ್ನೆಲ್ಲ ‘ಶಿಸ್ತಿಲ್ಲದವರು’ ಎಂದು ಬರೆದವರ ಬಗ್ಗೆ ನನಗೆ ಸಿಟ್ಟಿದೆ. ಮೈ ಉರಿದದ್ದಕ್ಕೆ ಬಿಟ್ಟವಳನ್ನೂ ಮರೆತು ಬಿಟ್ಟವಳನ್ನೂ ಅವರು ಒಂದೇ ಕಾಲಂಗೆ ಹಾಕಿದರು.

ಈಗ ಡೊಲುಟೆಗ್ರಾವಿರ್ ಎಂಬ ಹೊಸ ಔಷಧಿ ಬಂದಿದೆ, ಹಳೆಯ ಮಾತೇಕೆ ಎಂಬ ವಾದ ನನಗೆ ಒಪ್ಪಿಗೆಯಿಲ್ಲ. ಕೋಟ್ರೈಮಾಕ್ಸಜೋಲ್ ಇನ್ನೂ ಇದೆ, ಕ್ಷಯದ ಮಾತ್ರೆಗಳಿವೆ, ಅವುಗಳಿಂದಲೂ ದದ್ದೇಳುತ್ತದೆ. ಚೀಟಿ ಬರೆಯುವಾಗಲೇ ಅವಳ ತೋಳಿನ ಚರ್ಮ ಮುಟ್ಟಿ, ಹೀಗೆ ತರಿಯಾದರೆ ಬಾ ಎಂದು ತೋರಿಸಿ ಕಳಿಸಲು ಹೊಸ ಔಷಧಿ ಬರುವವರೆಗೆ ಕಾಯಬೇಕಿರಲಿಲ್ಲ.